ಷೋಕೇಸಿನಲ್ಲಿಟ್ಟ ನಾಲ್ಕು ಚಿಪ್ಪು

ಬುಧವಾರ ಬೆಳಗ್ಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಮೆಸೇಜು ಬಂತು. "ನಾಲ್ಕನೇ ಫ್ಲೋರಲ್ಲಿ ಕೊಳೆತ ಮೀನಿನ ವಾಸನೆ. ಯಾರ ಮನೆ?"

ನಮ್ಮ ಫ್ಲೋರಿನಲ್ಲಿರೋದು ಎರಡೇ ಸಂಸಾರ. ಒಂದು ನಾವು. ದಾವಣಗೆರೆಯವರು, ಲಿಂಗ ಕಟ್ಟಿಕೊಂಡವರು, ಮನೆಯೊಳಗೆ ಮೊಟ್ಟೆಗೂ ಪ್ರವೇಶವಿಲ್ಲ. ಇನ್ನೊಂದು ಎದುರುಮನೆಯ ಸುಧಾಕರ್ ಮತ್ತು ವನಿತಾ. ಮೂಲ್ಕಿ ಕಡೆಯವರು, ಬಾಡಿಗೆಗಿರುವವರು. ವಾಸನೆ ನಮ್ಮ ಮನೆಗೂ ನುಗ್ಗಿತ್ತು; ತೀರ್ಪು ಕೊಡೋಕೆ ಇನ್ನೇನು ಬೇಕು?

"ಹೀಗಾದ್ರೆ ಓನರಿಗೆ ಹೇಳ್ಬೇಕಾಗುತ್ತೆ" ಅಂತ ಮೂರನೇ ಫ್ಲೋರಿನವರೊಬ್ಬರು ಸೇರಿಸಿದರು. ಸುಧಾಕರ್ ಪಾಪ, "ಸಾರಿ, ನಮ್ಮದೇ ಇರಬಹುದು, ನೋಡ್ತೇವೆ" ಅಂದರು. ನಾನು ಅದಕ್ಕೊಂದು ಹೆಬ್ಬೆರಳು ಒತ್ತಿ, ವೈಟ್‌ಫೀಲ್ಡ್ ಟ್ರಾಫಿಕ್ಕಿಗೆ ಹೆದರುತ್ತಾ ಆಫೀಸಿಗೆ ಹೊರಟೆ.

ಹೇಳಲೇಬೇಕು, ಸುಧಾಕರ್ ದಂಪತಿ ತುಂಬಾ ದೈವಭಕ್ತರು. ಭಾನುವಾರ ಬೆಳಗ್ಗೆ ಅವರ ಬಾಗಿಲ ಸಂದಿಯಿಂದ ಊದುಬತ್ತಿ ಘಮ ಬರದ ವಾರವೇ ಇಲ್ಲ. "ನೋಡಿ ಕಲಿ" ಅಂತ ಮಗಳಿಗೆ ಎಷ್ಟು ಸಲ ಹೇಳಿದ್ದೇನೋ.

ಹಿಂದಿನ ವಾರಾಂತ್ಯ ನಮ್ಮನ್ನು ಅವರ ಊರಿಗೆ ಕರೆದುಕೊಂಡು ಹೋಗಿದ್ದೂ ಅವರೇ. ಹೊಳೆ ಸಮುದ್ರ ಸೇರುವ ಕಡೆ ಸುಧಾಕರ್ ತಮ್ಮ ಭಾವನ ದೋಣಿಯಲ್ಲಿ ಸುತ್ತಾಡಿಸಿದರು. ನೀರು ಇಳಿದಿತ್ತು. ಮರಳುದಿಬ್ಬದ ಪಕ್ಕ ದೋಣಿ ನಿಲ್ಲಿಸಿ, "ಇಳೀರಿ ಸಾರ್, ಮರುವಾಯಿ ಹೆಕ್ಕುವ" ಅಂದರು. ಮರುವಾಯಿ ಅಂದರೆ ನಾವು ಕಪ್ಪೆಚಿಪ್ಪು ಅಂತೀವಲ್ಲ, ಅದು. ಮರಳೊಳಗೆ ಅವಿತಿರುತ್ತೆ. ಕಾಲಲ್ಲಿ ತಡಕಬೇಕು, ಗಟ್ಟಿಯಾದದ್ದು ಸಿಕ್ಕಿದರೆ ಬಗ್ಗಿ ಎತ್ತಬೇಕು.

ಇಳಿದೆ. ಲೈಫ್ ಜಾಕೆಟ್ ಸಮೇತ.

"ಎಂತ ಸಾರ್, ಮೊಣಕಾಲು ನೀರಿಗೆ ಜಾಕೆಟಾ?"

"ಇರ್ಲಿ ಬಿಡಿ" ಅಂದೆ. (ಸೆಳೆತ, ಜೆಲ್ಲಿ ಮೀನು, ದಡದಲ್ಲಿ ಬಿಟ್ಟ ಚಪ್ಪಲಿ, ಎಲ್ಲದರ ಚಿಂತೆಯೂ ನನ್ನ ಜೊತೆ ನೀರಿಗಿಳಿದಿತ್ತು.)

ಆಮೇಲೆ ಏನಾಯಿತೋ ಗೊತ್ತಿಲ್ಲ ಕಣ್ರೀ. ಕಾಲಿಟ್ಟಲ್ಲೆಲ್ಲ ಮರುವಾಯಿ! ಹುಟ್ಟಿದಾಗಿನಿಂದ ಬೆಣ್ಣೆದೋಸೆ, ಮಂಡಕ್ಕಿ ತಿಂದು ಬೆಳೆದ ಕಾಲಿಗೆ ಈ ವಿದ್ಯೆ ಎಲ್ಲಿಂದ ಬಂತು? ಬಕೆಟ್ಟಿನಲ್ಲಿ ಅರ್ಧ ನನ್ನದೇ. ನಗುತ್ತಿದ್ದೆ, ಕೂಗುತ್ತಿದ್ದೆ. ಚಿಂತೆ ಮಾಡೋದು ಮರೆತೇ ಹೋಗಿತ್ತು.

"ತಿನ್ನೋರಲ್ಲ, ಉಣ್ಣೋರಲ್ಲ. ಹಿಡಿಯಾಕೆ ಯಾಕ್ರೀ ಇಷ್ಟು ಆಸೆ?" ದೋಣಿಯಲ್ಲಿ ಕೂತ ಹೆಂಡತಿ ಗಿರಿಜಾ ಕೇಳಿದಳು.

ಬಕೆಟ್ಟು ಸುಧಾಕರ್ ಊರಮನೆಯ ಅಡುಗೆಮನೆಗೆ ಹೋಗುವ ಮುಂಚೆ ಅಂದವಾದ ನಾಲ್ಕನ್ನು ಆರಿಸಿ ಬ್ಯಾಗಿಗೆ ಹಾಕಿಕೊಂಡೆ. ಇಷ್ಟು ದೊಡ್ಡ ಗೆಲುವಿಗೆ ಒಂದು ಗುರುತು ಬೇಡವೇ? ಮನೆಗೆ ಬಂದು ಸೋಪು ಹಾಕಿ ತೊಳೆದು, ಸ್ಯಾನಿಟೈಸರ್ ಸಿಂಪಡಿಸಿ, ಷೋಕೇಸಿನಲ್ಲಿ ಚನ್ನಪಟ್ಟಣದ ಬೊಂಬೆ ಪಕ್ಕ ಇಟ್ಟೆ. ಇಷ್ಟು ತೊಳೆದ ಮೇಲೆ ಉಳಿಯೋದು ಬರೀ ಚಿಪ್ಪೇ ಅಂತ ನನ್ನ ನಂಬಿಕೆ.

ಬುಧವಾರ ಸಂಜೆ ಮನೆಗೆ ಬಂದರೆ ಗಿರಿಜಾ ಮೂಗಿಗೆ ಸೆರಗು ಹಿಡಿದು ನಿಂತಿದ್ದಾಳೆ. "ಅವ್ರ ಮನೇದಲ್ಲ ರೀ. ಹೊರಗಿಗಿಂತ ನಮ್ಮನೆ ಒಳಗೇ ಜಾಸ್ತಿ ಐತಿ."

ಸಿಂಕು ನೋಡಿದೆವು. ಫ್ರಿಜ್ಜು ನೋಡಿದೆವು. ಸತ್ತ ಇಲಿಗಾಗಿ ಸೋಫಾ ಎಳೆದೆವು. (ಗ್ಯಾಸ್ ಲೀಕೇ ಇರಬೇಕು ಅಂತ ನಾನು ಎರಡು ಸಲ ರೆಗ್ಯುಲೇಟರ್ ಆಫ್ ಮಾಡಿದೆ.) ಕೊನೆಗೆ ಗಿರಿಜಾ ಷೋಕೇಸಿನ ಮುಂದೆ ನಿಂತಳು.

"ರೀ, ನಿಮ್ಮ ಟ್ರೋಫಿ ಬಾಯಿ ಬಿಟ್ಟೈತಿ ನೋಡ್ರಿ."

ನಾಲ್ಕೂ ಬಾಯಿ ಬಿಟ್ಟಿದ್ದವು, ಒಳಗಿನ ಮಾಂಸ ಕೊಳೆತು.

ಕವರಿನಲ್ಲಿ ಕಟ್ಟಿ ಸದ್ದಿಲ್ಲದೆ ಕಸಕ್ಕೆ ಹಾಕಿಬಿಡಬಹುದಿತ್ತು. ವಾಸನೆ ಹೋಗುತ್ತಿತ್ತು. ಆದರೆ ಸುಧಾಕರ್ ಹೆಸರಿಗೆ ಅಂಟಿದ್ದು? ನಾಳೆ ಅವರ ಓನರಿಗೆ ಫೋನ್ ಹೋದರೆ? ಇತ್ತ ಗ್ರೂಪಿನಲ್ಲಿ ನಮ್ಮ ಬೀಗರ ಕಡೆಯವರೂ ಇದ್ದಾರೆ. ಸುದ್ದಿ ದಾವಣಗೆರೆ ಮುಟ್ಟೋಕೆ ಎಷ್ಟು ಹೊತ್ತು? ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಗಿರಿಜಾ ಹಿಂದಿನಿಂದ ಕೈ ಹಾಕಿ ಸೆಂಡ್ ಒತ್ತಿಬಿಟ್ಟಳು.

"ವಾಸನೆ ನಮ್ಮ ಮನೆಯದು. ಸುಧಾಕರ್ ಅವರದಲ್ಲ. ಮರುವಾಯಿ. ಹಿಡಿದದ್ದು ನಾನೇ."

ಓನರಿಗೆ ಹೇಳ್ತೀನಿ ಅಂದಿದ್ದ ಮಹಾಶಯರೇ ಕೇಳಿದರು: "ಎಲ್ಲಿ ಸಿಗುತ್ತೆ ಸಾರ್?"

ಬೆಲ್ ಆಯಿತು. ಬಾಗಿಲಲ್ಲಿ ವನಿತಾ, ನಗು ತಡೆದುಕೊಂಡು. ಕೈಯಲ್ಲಿ ಊದುಬತ್ತಿ ಪ್ಯಾಕೆಟ್ಟು.

"ಎರಡು ಒಟ್ಟಿಗೆ ಹಚ್ಚಿ ಅಣ್ಣ, ಒಂದು ಸಾಲುದಿಲ್ಲ. ಭಾನುವಾರ ಮೀನು ಹುರಿಯುವಾಗ ನಾವು ಇದನ್ನೇ ಹಚ್ಚುದು. ನಿಮಗೆ ಕಷ್ಟ ಆಗ್ಬಾರ್ದಲ್ಲ."

ಅಂದ ಹಾಗೆ, ನಿಮ್ಮ ಎದುರುಮನೆಯವರೂ ತುಂಬಾ ದೈವಭಕ್ತರಾ?