ಹಿಂದಕ್ಕೆ ಇಳಿಯುವವಳು

ಹನ್ನೆರಡು ಮಹಡಿಯ ಆ ಕಚೇರಿಯಲ್ಲಿ ಮೆಟ್ಟಿಲು ಒರೆಸುವವಳನ್ನು ಎಲ್ಲರೂ ಮೆಟ್ಟಿಲಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಬಕೆಟ್ಟನ್ನು ಲಿಫ್ಟಿನಲ್ಲಿ ತರಬಾರದು ಎಂದು ನಿಯಮ. ಹಾಗಾಗಿ ಬಕೆಟ್ಟು ಹಿಡಿದು ತುದಿಯವರೆಗೆ ಹತ್ತುವುದು, ಅಲ್ಲಿಂದ ಒಂದೊಂದೇ ಮೆಟ್ಟಿಲು ಒರೆಸುತ್ತ, ಮೆಟ್ಟಿಲ ಕಡೆಗೇ ಮುಖ ಮಾಡಿ ಹಿಂದಕ್ಕೆ ಇಳಿಯುವುದು. ಮುಂದಕ್ಕೆ ಇಳಿದರೆ ಒರೆಸಿದ್ದರ ಮೇಲೆ ತನ್ನದೇ ಹೆಜ್ಜೆ ಬೀಳುತ್ತದೆ.

ಹನ್ನೆರಡನೇ ಮಹಡಿಯ ಕಿಟಕಿಯಿಂದ ಒಂದು ಬೆಟ್ಟ ಕಾಣುತ್ತಿತ್ತು. ಆ ಗಾಜು ಒರೆಸುವಾಗ ಮಾತ್ರ ಅವಳ ಕೈ ಸ್ವಲ್ಪ ನಿಧಾನ.

ಒಂದು ದಿನ ಲಿಫ್ಟಿನ ಪಕ್ಕ ಹಾಳೆಯೊಂದು ಅಂಟಿಕೊಂಡಿತ್ತು. ಭಾನುವಾರ ಬೆಟ್ಟದ ತುದಿಗೆ ಹೋಗುವುದು, ಐದಕ್ಕೆ ಹತ್ತಲು ಶುರು, ಹನ್ನೊಂದಕ್ಕೆ ತುದಿ, ಒಂದಕ್ಕೆ ಕೆಳಗೆ. ಬರುವವರು ಹೆಸರು ಬರೆಯಿರಿ. ಬರೆದು ಅಂಟಿಸಿದವನು ಸ್ಟೋರ್ ಕೀಪರ್. ಐದು ಹೆಸರಿನ ಕೆಳಗೆ ಮೆಟ್ಟಿಲಕ್ಕ ಸೊಟ್ಟ ಅಕ್ಷರದಲ್ಲಿ ತನ್ನದನ್ನೂ ಬರೆದಳು. ಮರುದಿನ ಅದರ ಮೇಲೆ ಕೆಂಪು ಗೀಟು. ಮತ್ತೆ ಬರೆದಳು. ಮತ್ತೆ ಗೀಟು. ಮೂರನೇ ದಿನ ಒದ್ದೆ ಬಟ್ಟೆ ಹಿಡಿದುಕೊಂಡೇ ಸ್ಟೋರಿನ ಬಾಗಿಲಿಗೆ ಹೋಗಿ ನಿಂತಳು.

"ನನ್ನ ಹೆಸರು ಹೊಡೆದುಹಾಕಿದ್ದು ಯಾರು ಸಾರ್?"

"ಅಕ್ಕಾ, ಇದು ಪಾರ್ಕಲ್ಲಿ ಓಡಾಡೋದಲ್ಲ. ಕಡಿದಾದ ಬೆಟ್ಟ. ನಿಮಗೆ ಐವತ್ತಾರಾಯ್ತು."

"ಐವತ್ತೇಳು. ಸರಿಯಾಗಿ ತಿಳ್ಕೊಳ್ಳಿ."

"ನಡುವೆ ಕೂತ್ಬಿಟ್ರೆ ನಿಮ್ಮನ್ನ ಹೊತ್ಕೊಂಡು ಬರೋರ್ಯಾರು?"

"ನನ್ನ ಹೊರೋದಿರ್ಲಿ ಸಾರ್, ನಿಮ್ಮ ಹೊಟ್ಟೆ ಹೊರೋಕೇ ಇನ್ನೊಬ್ಬರು ಬೇಕು."

ಒಳಗಿದ್ದವರು ಕಿಸಕ್ಕನೆ ನಕ್ಕರು. ಸ್ಟೋರ್ ಕೀಪರನ ಮುಖ ಕೆಂಪಾಯಿತು.

"ಆಯ್ತು. ಶುಕ್ರವಾರ ಸಂಜೆ ಎಲ್ಲರಿಗೂ ಪರೀಕ್ಷೆ. ಬೆನ್ನಿಗೆ ಐದು ಲೀಟರ್ ನೀರು. ಈ ಮೆಟ್ಟಿಲು ಮೂರು ಸಲ ಹತ್ತಿ ಇಳೀಬೇಕು. ಆಗದೇ ಇದ್ದೋರ ಹೆಸರು ಹೊಡೀತೀನಿ."

"ನಿಮ್ಮದೂನಾ?"

"ನಂದೂ!"

ಮನೆಯಲ್ಲಿ ಗಂಡ ತಲೆ ಚಚ್ಚಿಕೊಂಡ. ಬಸ್ಸು ಓಡಿಸಿ ನಿವೃತ್ತನಾದವನು.

"ತಲೆ ನೆಟ್ಟಗಿದೆಯೇನೇ? ವಾರವೆಲ್ಲಾ ಮೆಟ್ಟಿಲು, ರಜಾ ದಿನ ಬೆಟ್ಟಾನಾ?"

"ಅಲ್ಲಿ ಒರೆಸೋ ಹಾಗಿಲ್ಲ ಕಣ್ರೀ. ಇಷ್ಟು ವರ್ಷ ಬಕೆಟ್ಟಿಗೋಸ್ಕರ ಹತ್ತಿದ್ದೀನಿ. ಒಂದ್ಸಲ ನನಗೋಸ್ಕರ ಹತ್ತಬೇಕು."

ಗಂಡ ಎದ್ದು ಹೋಗಿ ಹಳೆಯ ಬ್ಯಾಗಿನ ಕಿತ್ತ ಪಟ್ಟಿ ಹೊಲಿಯಲು ಕೂತ.

ಶುಕ್ರವಾರ ಆರು ಜನ ಹೊರಟರು. ಹತ್ತುವಾಗ ಮೆಟ್ಟಿಲಕ್ಕನೇ ಎಲ್ಲರಿಗಿಂತ ಹಿಂದೆ. "ಅಕ್ಕಾ, ಬಕೆಟ್ ಬೇಕಿತ್ತಾ?" ಎಂದು ಮೇಲಿಂದ ಒಬ್ಬ ಕೂಗಿದ. ಅವಳು ಕ್ಯಾರೇ ಅನ್ನಲಿಲ್ಲ. ಮೂರನೇ ಸಲ ಇಳಿಯುವಾಗ ಎಲ್ಲರ ಕಾಲೂ ಗಡಗಡ. ಏಳನೇ ಮಹಡಿಯಲ್ಲಿ ಸ್ಟೋರ್ ಕೀಪರ್ ಕಂಬಿ ತಬ್ಬಿಕೊಂಡು ನಿಂತುಬಿಟ್ಟ.

ಮೆಟ್ಟಿಲಕ್ಕ ಹಿಂದಕ್ಕೆ ತಿರುಗಿಕೊಂಡು, ಕಂಬಿಗೆ ಕೈಯಿಟ್ಟು, ದಿನವೂ ಇಳಿಯುವಂತೆಯೇ ಇಳಿದು ಅವನನ್ನು ದಾಟಿದಳು. ಎರಡು ಮೆಟ್ಟಿಲು ಕೆಳಗೆ ನಿಂತು ಅವನ ಮುಖ ನೋಡಿದಳು.

"ತಿರುಗಿ ಸಾರ್. ಬೆರಳು ಮೊದ್ಲು ಊರಿ, ಆಮೇಲೆ ಹಿಮ್ಮಡಿ. ಮಂಡಿ ಮೇಲೆ ಭಾರ ಬೀಳಲ್ಲ."

ಅವನು ತಿರುಗಿದ. ಮಿಕ್ಕವರೂ ತಿರುಗಿದರು. ಕೆಳಗೆ ಕಾದಿದ್ದ ಲಿಫ್ಟಿನವನಿಗೆ ಮೊದಲು ಕಂಡದ್ದು ಆರು ಬೆನ್ನು.

ಮೆಟ್ಟಿಲಕ್ಕ ನೇರ ಹಾಳೆಯ ಹತ್ತಿರ ಹೋದಳು.

"ಇಳಿಯೋಕೆ ಎರಡೇ ಗಂಟೆ ಇಟ್ಟಿದ್ದೀರಲ್ಲ, ಬೆಟ್ಟದಲ್ಲಿ ಕಂಬಿ ಇದೆಯಾ?"

"ಇಲ್ಲ," ಅಂದ ಸ್ಟೋರ್ ಕೀಪರ್, ನೆಲದ ಮೇಲೆ ಕಾಲು ಚಾಚಿಕೊಂಡೇ.

"ಹಾಗಾದ್ರೆ ಐದು ಗಂಟೆ ಬರೀರಿ. ಹೊರಡೋದು ನಾಲ್ಕಕ್ಕೆ. ಎಲ್ರೂ ಹತ್ತೋದನ್ನೇ ಯೋಚಿಸಿದ್ದೀರ. ಇಳಿಯೋರು ಯಾರು, ನಿಮ್ಮಪ್ಪನಾ?"

ಸ್ಟೋರ್ ಕೀಪರ್ ಎದ್ದು ಗಂಟೆ ತಿದ್ದಿದ. ಆಮೇಲೆ ಅವಳ ಹೆಸರು ಬರೆಯಲು ಕೆಂಪು ಪೆನ್ನು ಹಾಳೆಯ ಕೆಳತುದಿಗೆ ಒಯ್ದ. ಮೆಟ್ಟಿಲಕ್ಕ ಪೆನ್ನು ಕಿತ್ತುಕೊಂಡಳು.

"ಹೊಡೆದಿದ್ದು ನೀವು. ಬರೆಯೋದು ನಾನು."

ಐದೂ ಹೆಸರಿಗಿಂತ ಮೇಲೆ ಜಾಗ ಮಾಡಿಕೊಂಡು ತನ್ನ ಹೆಸರು ಬರೆದಳು.

"ಹತ್ತೋವಾಗ ನಾನೇ ಕೊನೆ, ಪರವಾಗಿಲ್ಲ. ಕಡಿದಾದ ಕಡೆ ಇಳಿಯೋವಾಗ ಮುಂದೆ ನಾನು. ನನ್ನ ಮುಖ ನಿಮ್ಮ ಕಡೆಗೇ ಇರುತ್ತೆ. ಯಾರ ಕಾಲು ನಡುಗಿದ್ರೂ ಗೊತ್ತಾಗುತ್ತೆ."

ಶನಿವಾರ ಬೆಳಿಗ್ಗೆ ಮೆಟ್ಟಿಲ ತುಂಬ ಆರು ಜನರ ಹೆಜ್ಜೆ ಗುರುತು. ಮೆಟ್ಟಿಲಕ್ಕ ಹನ್ನೆರಡನೇ ಮಹಡಿಗೆ ಹತ್ತಿ ಮೊದಲು ಕಿಟಕಿ ಒರೆಸಿದಳು. ಬೆಟ್ಟ ಅಲ್ಲೇ ಇತ್ತು.

"ನಾಳೆ ಬರ್ತೀನಿ," ಅಂದಳು. "ಎಲ್ಲೂ ಹೋಗ್ಬೇಡ."