ಉಪ್ಪಿನ ಕೋಟೆಗೆ ಎರಡನೇ ಸ್ಥಾನ

ಕತ್ತರಿಯಕ್ಕ ಒಂದು ಆಟದ ಪುಸ್ತಕದ ಯೋಗ್ಯತೆಯನ್ನು ಬಿಸ್ಕತ್ತಿನಿಂದ ಅಳೆಯುತ್ತಿದ್ದಳು. ಕೇಳಿದವರು ನಗುತ್ತಿದ್ದರು, ಅವಳು ನಗುತ್ತಿರಲಿಲ್ಲ.

ಮೇಜಿನ ಸುತ್ತ ಇಬ್ಬರು ಮೂವರನ್ನು ಕೂರಿಸುವುದು, ನಟ್ಟನಡುವೆ ಒಂದು ತಟ್ಟೆ ತುಂಬ ಬಿಸ್ಕತ್ತು ಇಡುವುದು, ಆಮೇಲೆ ಪುಸ್ತಕದಲ್ಲಿರುವ ಕಥೆಯನ್ನು ಆಡಿಸುವುದು. ಕಥೆ ಹಿಡಿಯಿತೋ, ತಟ್ಟೆಯ ಕಡೆಗೆ ಒಬ್ಬರ ಕೈಯೂ ಹೋಗುವುದಿಲ್ಲ. ಚಹಾ ಆರಿ ಕೆನೆ ಕಟ್ಟಿದರೂ ಯಾರಿಗೂ ಪರಿವೆ ಇರುವುದಿಲ್ಲ. ಕಥೆ ಜಾಳಾಯಿತೋ, ಕೈಗಳು ತಮ್ಮಷ್ಟಕ್ಕೆ ತಾವೇ ತಟ್ಟೆಗೆ ಇಳಿಯುತ್ತವೆ. "ಬಾಯಿ ದಾಕ್ಷಿಣ್ಯಕ್ಕೆ ತುಂಬಾ ಚೆನ್ನಾಗಿತ್ತು ಅನ್ನುತ್ತೆ. ಕೈಗೆ ಆ ದಾಕ್ಷಿಣ್ಯ ಇಲ್ಲ ನೋಡಿ," ಎನ್ನುತ್ತಿದ್ದಳು.

ಆಟ ಎಂದರೆ ಚೆಸ್ಸು, ಕೇರಂ ಅಲ್ಲ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರಲ್ಲಿ ಒಬ್ಬ ಕತ್ತಿ ಹಿಡಿದ ವೀರ, ಒಬ್ಬಳು ಮಂತ್ರಗಾತಿ, ಇನ್ನೊಬ್ಬ ಕಳ್ಳ. ಮುಂದೆ ಸುರಂಗ ಬಂತು, ಏನು ಮಾಡ್ತೀರಿ ಎಂದು ಕೇಳಿದರೆ ಅವರೇ ಹೇಳಬೇಕು. ಗೆದ್ದರೋ ಸೋತರೋ ಎಂಬುದನ್ನು ಹಲವು ಮುಖಗಳ ದಾಳ ಹೇಳುತ್ತದೆ. ಆಟದ ನಿಯಮಗಳಿಗೆ ಒಂದು ದಪ್ಪ ಪುಸ್ತಕ. ಅದರ ಜೊತೆಗೆ ಪುರವಣಿಗಳು, ಅಂದರೆ ಒಂದು ಕೋಟೆ, ಒಂದು ಕಾಡು, ಒಂದು ಕಡಲು ಹೀಗೆ ಆಡಲಿಕ್ಕೆ ತಯಾರಾದ ಊರುಗಳ ತೆಳು ಪುಸ್ತಕಗಳು. ಆಡುವವರು ಪ್ರಾಣ ಬಿಡುವುದು ಈ ಪುರವಣಿಗಳ ಮೇಲೆಯೇ.

ಹಗಲು ಅವಳು ಕಟ್ಟಡಗಳ ನಕ್ಷೆ ಬರೆಯುವ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಳು. ಎಂಜಿನಿಯರು ಹೇಳಿದ ಗೋಡೆ, ಕಿಟಕಿ, ಮೆಟ್ಟಿಲುಗಳನ್ನು ಅಳತೆಗೆ ಕೂರಿಸುವ ಕೆಲಸ. ಸಂಜೆ ಮಗಳ ಮನೆಪಾಠ, ಅಡುಗೆ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ, ಪೇಟೆಯ ಆಟದಂಗಡಿಯವರು ತಿಂಗಳಿಗೊಮ್ಮೆ ತರುವ ಪತ್ರಿಕೆಗೆ ಪುರವಣಿಗಳ ವಿಮರ್ಶೆ ಬರೆದುಕೊಡುತ್ತಿದ್ದಳು. ಪ್ರತಿ ವಿಮರ್ಶೆಯ ಕೊನೆಯಲ್ಲಿ ಒಂದೇ ಒಂದು ಸಾಲು, "ತಟ್ಟೆ: ತುಂಬಿದೆ", ಇಲ್ಲವೇ "ತಟ್ಟೆ: ಖಾಲಿ". ಓದುವವರು ಮೊದಲು ಆ ಸಾಲಿಗೇ ಹಾರುತ್ತಿದ್ದರು. ಯಾರ ಮುಖವನ್ನೂ ನೋಡದೆ ಕತ್ತರಿಸುತ್ತಾಳೆ ಎಂದು ಕತ್ತರಿಯಕ್ಕ ಎಂಬ ಹೆಸರು ಬಿದ್ದಿತ್ತು. ಅವಳಿಗೂ ಅದರಿಂದೇನೂ ಬೇಸರವಿರಲಿಲ್ಲ.

ಬೇಸರವಿದ್ದದ್ದು ಬೇರೆ ಹೆಸರಿನ ಬಗ್ಗೆ.

ಮಗಳು ಹಾಲು ಕುಡಿಯುವ ಕೂಸಾಗಿದ್ದಾಗ ಅವಳು ಕಚೇರಿಗೆ ರಜೆ ಹಾಕಿ ಮನೆಯಲ್ಲಿ ಕೂತಿದ್ದಳು. ಗಂಡನಿಗೆ ಆಗ ಪರವೂರಿನ ಕೆಲಸ, ವಾರಕ್ಕೊಮ್ಮೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಕೂಸು ಮಲಗಿದಷ್ಟು ಹೊತ್ತು ಅವಳು ಅಡುಗೆಮನೆಯ ಮೇಜಿನ ಮೇಲೆ ದಪ್ಪ ಹಾಳೆ ಹಾಸಿಕೊಂಡು ಒಂದು ಕೋಟೆ ಬರೆದಳು. ಉಪ್ಪಿನ ಗಣಿಯ ಮೇಲೆ ಕಟ್ಟಿದ ಕೋಟೆ. ಉಪ್ಪಿನ ಕಂಬಗಳು, ಉಪ್ಪು ಕಟ್ಟಿದ ಬಾವಿ, ಒಂದರ ಕೆಳಗೊಂದು ಇಳಿಯುವ ಅಂತಸ್ತುಗಳು. ಪ್ರತಿ ಕೋಣೆಗೊಂದು ಹೆಸರಿಟ್ಟು, ಹಾಳೆಯ ಹಿಂದೆ ಅದರ ವರ್ಣನೆ ಬರೆದಳು. ಅಣ್ಣ ಬಂದವನು ನೋಡಿದ. ಅವನು ಆಗಲೇ ಆಟ ನಡೆಸುವುದರಲ್ಲಿ ಹೆಸರು ಮಾಡಿದ್ದವನು. "ಕೊಡು ಪುಟ್ಟಿ, ಸ್ವಲ್ಪ ತಿದ್ದಿ ಕೊಡ್ತೀನಿ," ಎಂದು ಸುರುಳಿ ಸುತ್ತಿ ಒಯ್ದ. ಅದು ಮರಳಿ ಬಂದದ್ದು ಪುಸ್ತಕವಾಗಿ. ಹೊದಿಕೆಯ ಮೇಲೆ ಅಣ್ಣನ ಹೆಸರು. ಒಳಗೆ ಕೃತಜ್ಞತೆಯ ಪುಟದಲ್ಲಿ, ಮುದ್ರಣಾಲಯದವರಿಗೂ ಕಾಗದದ ಅಂಗಡಿಯವರಿಗೂ ನಡುವೆ, "ಗೆರೆ ಎಳೆದುಕೊಟ್ಟ ಪುಟ್ಟಿಗೆ".

ಅವನು ಬರೆದದ್ದು ಮುನ್ನುಡಿ ಮಾತ್ರ.

ಒಡಹುಟ್ಟಿದವನ ಜೊತೆ ಹೇಗೆ ಜಗಳ ಆಡುವುದು? ಅಮ್ಮ ಬದುಕಿದ್ದರು, ಅವರ ಮುಂದೆ ಈ ಮಾತು ಎತ್ತುವುದು ಹೇಗೆ? ಕೂಸು ಬೇರೆ ಕಂಕುಳಲ್ಲಿ. ಅವಳು ನುಂಗಿಕೊಂಡಳು. ಉಪ್ಪಿನ ಕೋಟೆ ಮಾತ್ರ ವರ್ಷದಿಂದ ವರ್ಷಕ್ಕೆ ದೊಡ್ಡದಾಯಿತು. ಅದರ ಪ್ರತಿಗಳು ಸಿಗದಂತಾದ ಮೇಲಂತೂ ಅದನ್ನು ಆಡದವನು ಆಟಗಾರನೇ ಅಲ್ಲ ಎಂಬಂತಾಯಿತು. ಅಣ್ಣನನ್ನು ಸಭೆಗಳಿಗೆ ಕರೆದರು. ಅವನು ಹೋದ.

ಈಗ ಒಬ್ಬ ಪ್ರಕಾಶಕರು ಹಳೆಯ ಪುರವಣಿಗಳಲ್ಲಿ ಒಂದನ್ನು ಗಟ್ಟಿ ರಟ್ಟು ಹಾಕಿ ಹೊಸದಾಗಿ ತರುವವರಿದ್ದರು. ಅವರ ಮುಂದೆ ಮೂರು ಹೆಸರಿದ್ದವು: ಅಣ್ಣನ ಉಪ್ಪಿನ ಕೋಟೆ, ಯಾರೋ ಬರೆದ ಕಪ್ಪೆರಾಯನ ಜೌಗು, ಮತ್ತು ದೆವ್ವಗಳ ಕೈಪಿಡಿ. ಆಟದಂಗಡಿಯ ಪತ್ರಿಕೆಯಲ್ಲಿ ಯಾವುದು ಮೊದಲು ಬರುತ್ತದೋ ಅದನ್ನೇ ಅಚ್ಚು ಹಾಕುತ್ತೇವೆ ಎಂದರು.

ಅಂಗಡಿಯವರು ಮೂರನ್ನೂ ಚೀಲಕ್ಕೆ ಹಾಕಿ ಅವಳ ಕೈಗಿಟ್ಟರು. ಅವಳು ಚೀಲ ಹಿಂದೆ ತಳ್ಳಿದಳು. "ನನಗೆ ಬೇಡ ಸ್ವಾಮಿ. ಇದರಲ್ಲಿ ಒಂದು ನಮ್ಮಣ್ಣಂದು."

"ಗೊತ್ತಮ್ಮಾ. ಪ್ರಕಾಶಕರಿಗೂ ಹೇಳಿದ್ದೀನಿ. ಕತ್ತರಿಯಕ್ಕ ಸ್ವಂತ ಅಣ್ಣನ ಜಡೇನೂ ಬಿಡಲ್ಲ ಅಂದೆ."

"ಅವನಿಗೆ ಜಡೆ ಎಲ್ಲಿದೆ, ಬೋಳುತಲೆ."

"ಅದಕ್ಕೇ ಸುಲಭ ಅಂತ," ಎಂದು ಅವರು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದರು.

ಸುದ್ದಿ ಅಣ್ಣನಿಗೆ ಹೋಗದೆ ಇರುತ್ತದೆಯೇ? ಭಾನುವಾರ ಬಂದ. ಸೋದರಸೊಸೆಗೆ ಬಣ್ಣದ ಪೆನ್ಸಿಲಿನ ಡಬ್ಬಿ ತಂದಿದ್ದ. ಸೋಫಾದಲ್ಲಿ ಕೂತು, ಗೋಡೆಯ ಸುಣ್ಣ ಚೆನ್ನಾಗಿದೆ ಎಂದ, ಚಹಾ ಚೆನ್ನಾಗಿದೆ ಎಂದ. ಇನ್ನು ಚೆನ್ನಾಗಿದೆ ಎನ್ನಲು ಏನೂ ಉಳಿಯದಿದ್ದಾಗ ವಿಷಯಕ್ಕೆ ಬಂದ.

"ಪುಟ್ಟಿ, ಮೊದಲನೇ ಸ್ಥಾನ ಕೋಟೆಗೇ ತಾನೇ?"

"ಆಡಿಸಿ ನೋಡ್ಬೇಕು."

"ಆಡಿಸೋದೇನು, ಇಷ್ಟು ವರ್ಷದಿಂದ ಲೋಕವೇ ಆಡಿದೆ." ಅವನು ಲೋಟ ಕೆಳಗಿಟ್ಟ. "ನೋಡು, ನಿನ್ನ ಮನಸ್ಸಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ವಾ? ಹೊಸ ಮುದ್ರಣದಲ್ಲಿ ನಿನ್ನ ಹೆಸರೂ ಹಾಕಿಸ್ತೀನಿ. ಹೊದಿಕೆ ಮೇಲೆ. ನನ್ನ ಹೆಸರಿನ ಪಕ್ಕದಲ್ಲೇ."

ಒಂದು ಕಾಲದಲ್ಲಿ ಈ ಮಾತಿಗಾಗಿ ಅವಳು ಫೋನು ಸದ್ದಾದಾಗಲೆಲ್ಲ ಓಡಿಹೋಗುತ್ತಿದ್ದಳು.

"ಪಕ್ಕದಲ್ಲಾ, ಕೆಳಗಾ?"

"ಪಕ್ಕದಲ್ಲಿ ಮಾರಾಯ್ತಿ. ಒಂದೇ ಸಾಲಲ್ಲಿ. ಸಾಕಾ?"

"ಎರಡನೇ ಸ್ಥಾನ ಬಂದ್ರೆ?"

"ಎರಡನೇ ಸ್ಥಾನದ ಪುಸ್ತಕ ಯಾರು ಅಚ್ಚು ಹಾಕ್ತಾರೆ? ಪುಸ್ತಕನೇ ಇಲ್ಲ ಅಂದ್ಮೇಲೆ ಹೆಸರು ಎಲ್ಲಿ ಹಾಕಿಸ್ಲಿ, ನಮ್ಮನೆ ಗೇಟಿನ ಮೇಲಾ?" ಎಂದು ನಕ್ಕ.

ಅವಳಿಗೆ ಅದರಲ್ಲಿ ಮೋಸವೇನೂ ಕಾಣಲಿಲ್ಲ. ಕೋಟೆ ಚೆನ್ನಾಗಿಯೇ ಇದೆ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ಆಡಿಸುವುದು ಶಾಸ್ತ್ರಕ್ಕೆ, ತಟ್ಟೆ ತುಂಬಿಯೇ ಇರುತ್ತದೆ, ತನ್ನ ಹೆಸರು ತಾನಾಗಿಯೇ ಬರುತ್ತದೆ ಎಂದುಕೊಂಡಳು.

ಆಡಲು ಬರುತ್ತಿದ್ದವರು ಇಬ್ಬರು: ಪಕ್ಕದ ಬೀದಿಯ ನರ್ಸಮ್ಮ, ಮೇಲಿನ ಮಹಡಿಯ ಬಸ್ ಡ್ರೈವರು. ಮೂರು ಪುಸ್ತಕಗಳಲ್ಲಿ ಒಂದನ್ನೂ ಅವರು ಮೊದಲು ನೋಡಿದವರಲ್ಲ. ದೆವ್ವಗಳ ಕೈಪಿಡಿ ಆಡಿಸಿದ ದಿನ ಬಿಸ್ಕತ್ತು ಮುಗಿದು ನರ್ಸಮ್ಮ ಡಬ್ಬಿಯಲ್ಲಿ ಇನ್ನೇನಿದೆ ಎಂದು ಕೇಳಿದಳು. ಅದರ ಕಥೆ ಅಲ್ಲಿಗೇ ಮುಗಿಯಿತು.

ಕಪ್ಪೆರಾಯನ ಜೌಗು ನೋಡಲು ದರಿದ್ರ ಪುಸ್ತಕ. ಕಾಗುಣಿತದ ತಪ್ಪುಗಳು, ಕೋಳಿ ಕೆದರಿದಂಥ ನಕ್ಷೆ. ಆದರೆ ಅದರ ಕಪ್ಪೆರಾಯ ದಾರಿಹೋಕರನ್ನು ಕೊಲ್ಲುವುದಿಲ್ಲ. ಹಿಡಿದು ತಂದು ತನ್ನ ಮತ್ತು ತನ್ನ ಹೆಂಡತಿಯ ಜಗಳಕ್ಕೆ ಪಂಚಾಯ್ತಿಗೆ ಕೂರಿಸುತ್ತಾನೆ. ನರ್ಸಮ್ಮ ಎದ್ದು ನಿಂತೇಬಿಟ್ಟಳು. "ಇವನೇನ್ರೀ ಗಂಡಸು! ಆಯಮ್ಮ ಅಷ್ಟೊಂದು ಮೊಟ್ಟೆ ಇಟ್ಕೊಂಡು ಒಬ್ಳೇ ಒದ್ದಾಡ್ತಿದ್ದಾಳೆ, ಇವನು ಕೊಳದಲ್ಲಿ ಹಾಡ್ಕೊಂಡಿದ್ದಾನೆ!" ಡ್ರೈವರು ಕಪ್ಪೆರಾಯನ ಪರ ವಹಿಸಿ ವಾದಕ್ಕೆ ಬಿದ್ದ. ಕತ್ತರಿಯಕ್ಕನ ಮಗಳೂ ಪುಸ್ತಕ ಮಡಚಿಟ್ಟು ಬಂದು ಬಾಗಿಲಿಗೆ ಒರಗಿ ನಿಂತಳು. ಆಟ ಮುಗಿದು ಎಲ್ಲರೂ ಎದ್ದು ಹೋಗುವಾಗ ತಟ್ಟೆ ಇಟ್ಟ ಹಾಗೆಯೇ ಇತ್ತು.

ಕತ್ತರಿಯಕ್ಕ ಬಿಸ್ಕತ್ತುಗಳನ್ನು ಒಂದೊಂದಾಗಿ ಎಣಿಸಿ ಮತ್ತೆ ಡಬ್ಬಿಗೆ ಹಾಕಿದಳು.

ಉಪ್ಪಿನ ಕೋಟೆಯ ಸರದಿಗೆ ಅಣ್ಣ ತಾನೂ ಬರುತ್ತೇನೆಂದು ಹಟ ಹಿಡಿದು ಬಂದ. ನಾನು ಬಾಯಿ ಬಿಡಲ್ಲ, ಸುಮ್ಮನೆ ಒಬ್ಬ ಭಟನಾಗಿ ಆಡ್ತೀನಿ ಎಂದ. ಬಿಸ್ಕತ್ತಿನ ಪರೀಕ್ಷೆಯ ವಿಷಯ ಅವನಿಗೆ ಗೊತ್ತಿರಲಿಲ್ಲ. ತಂಗಿಯ ಬರಹವನ್ನು ಅವನು ಯಾವತ್ತೂ ಕೊನೆಯ ಸಾಲಿನವರೆಗೆ ಓದಿದವನಲ್ಲ.

ಅವಳು ಎಲ್ಲ ಶಕ್ತಿ ಹಾಕಿ ಆಡಿಸಿದಳು. ಉಪ್ಪಿನ ಕಂಬಗಳು ದೀಪದ ಬೆಳಕಿಗೆ ಹೇಗೆ ಮಿನುಗುತ್ತವೆ, ಮೆಟ್ಟಿಲು ಎಷ್ಟು ಸವೆದಿದೆ, ಬಾವಿಯ ಅಂಚಿನಲ್ಲಿ ಎಂಥ ಹೂವಿನ ಕೆತ್ತನೆ ಇದೆ, ಎಲ್ಲವನ್ನೂ ಹೇಳಿದಳು. ಮೊದಲ ಅಂತಸ್ತು ಮುಗಿಯುವ ಮೊದಲೇ ನರ್ಸಮ್ಮನ ಕೈ ತಟ್ಟೆಗೆ ಹೋಯಿತು. ಆಮೇಲೆ ಡ್ರೈವರನದು. ಎರಡನೇ ಅಂತಸ್ತಿನ ಗಣಿಯಲ್ಲಿ, ಅವಳು ಅತ್ಯಂತ ಪ್ರೀತಿಯಿಂದ ಬರೆದಿದ್ದ ಉಪ್ಪಿನ ಅಂಗಳದ ವರ್ಣನೆಯ ನಡುವೆ, ಅಣ್ಣ ಕೈ ಚಾಚಿ ಒಟ್ಟಿಗೆ ಎರಡು ಬಿಸ್ಕತ್ತು ತೆಗೆದು ಒಂದನ್ನು ಚಹಾದಲ್ಲಿ ಅದ್ದಿದ.

ಡ್ರೈವರು ಕೊನೆಗೆ ಹೇಳಿಯೇಬಿಟ್ಟ. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಮನೆ ಭರ್ಜರಿಯಾಗಿದೆ. ಆದ್ರೆ ಒಳಗೆ ಯಾರೂ ಇಲ್ವಲ್ಲ? ಬಾಡಿಗೆಗೆ ಇದೆಯಾ?"

ನರ್ಸಮ್ಮ ಕಿಸಕ್ಕೆಂದಳು. ಕತ್ತರಿಯಕ್ಕನೂ ನಕ್ಕಂತೆ ಮಾಡಿದಳು. ಆದರೆ ಆ ಮಾತು ನೇರ ಒಳಗೆ ಇಳಿದಿತ್ತು. ಹೌದಲ್ಲ, ಕೋಟೆಯಲ್ಲಿ ಮಾತಾಡಲು ಒಂದು ಜೀವವಿಲ್ಲ. ಅದನ್ನು ಬರೆದ ದಿನಗಳಲ್ಲಿ ಅವಳ ಮನೆಯಲ್ಲೂ ಇರಲಿಲ್ಲ. ನಕ್ಷೆ ಬರೆಯುವವಳು ನಕ್ಷೆ ಬರೆದಿದ್ದಾಳೆ, ಅಷ್ಟೇ. ಗೋಡೆ ಎಬ್ಬಿಸಿ, ಸಂಸಾರ ಹೂಡುವುದನ್ನು ಮರೆತಿದ್ದಾಳೆ.

ಮೂರನೇ ಅಂತಸ್ತಿನಲ್ಲಿ ಮಾತ್ರ ಕೈಗಳು ನಿಂತವು. ಅಲ್ಲೊಂದು ಕೋಣೆ ಇದೆ, ಅದಕ್ಕೆ ಬಾಗಿಲಿಲ್ಲ. ನಾಲ್ಕು ಕಡೆಯೂ ಗೋಡೆ. ಇದರೊಳಗೆ ಏನಿರಬಹುದೆಂದು ಆಟಗಾರರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ನರ್ಸಮ್ಮ ನಕ್ಷೆಯ ಮೇಲೆ ಬಗ್ಗಿದಳು. ಡ್ರೈವರು ಗೋಡೆ ತಟ್ಟಿ ನೋಡ್ತೀನಿ ಎಂದು ದಾಳ ಎಸೆದ, ಮತ್ತೆ ಎಸೆದ.

ಅಣ್ಣನಿಗೆ ಬಾಯಿ ಬಿಡದಿರಲು ಆಗಲಿಲ್ಲ. "ಈ ಒಂದು ಕೋಣೆಗೆ ನಾನು ಎಷ್ಟು ತಿಂಗಳು ಯೋಚಿಸಿದ್ದೀನಿ ಗೊತ್ತಾ? ಮನುಷ್ಯನ ಮನಸ್ಸಿನ ಹಾಗೆ. ಹೊರಗಿನಿಂದ ದಾರಿ ಇರಬಾರದು ಅಂತಲೇ..."

"ಅಣ್ಣ," ಎಂದಳು ಕತ್ತರಿಯಕ್ಕ. "ಅದು ಮರೆತದ್ದು."

"ಏನು?"

"ಬಾಗಿಲು ಬರೆಯೋದು ಮರೆತದ್ದು. ಗೋಡೆ ಎಳೀತಿದ್ದೆ, ಕೂಸು ಅತ್ತಿತು, ಎದ್ದು ಹೋದೆ. ಹಾಲು ಕುಡಿಸಿ ಬಂದವಳು ಮುಂದಿನ ಕೋಣೆ ಶುರು ಮಾಡಿದೆ. ಅಷ್ಟೇ."

ಅಣ್ಣ ಮಕ್ಕಳ ಮಾತಿಗೆ ನಗುವಂತೆ ನಕ್ಕು, ಉಳಿದವರ ಕಡೆ ತಿರುಗಿದ. "ನಮ್ಮ ಪುಟ್ಟಿ ಗೆರೆ ಎಳೆಯೋದ್ರಲ್ಲಿ ಹುಷಾರು. ಅದರ ಅರ್ಥ ಎಲ್ಲಾ ಅವಳಿಗೆ ಅಷ್ಟಾಗಿ..." ಎಂದು ಮಾತನ್ನು ಅಲ್ಲಿಗೇ ಬಿಟ್ಟು, ತಟ್ಟೆಯಲ್ಲಿದ್ದ ಕೊನೆಯ ಬಿಸ್ಕತ್ತನ್ನು ಬಾಯಿಗೆ ಹಾಕಿಕೊಂಡ.

ಮರುದಿನ ಊಟದ ಬಿಡುವಿನಲ್ಲಿ, ಕಚೇರಿಯ ಓರೆ ಮೇಜಿನ ಮೇಲೆ, ಅವಳು ವಿಮರ್ಶೆಗೆ ಕೂತಳು. ಮೊದಲು ಕೋಟೆಗೆ ಮೊದಲ ಸ್ಥಾನ ಕೊಟ್ಟು ಬರೆದಳು. ಕಷ್ಟವೇನೂ ಆಗಲಿಲ್ಲ. ಕಂಬಗಳ ಚೆಲುವು, ನಕ್ಷೆಯ ಅಚ್ಚುಕಟ್ಟು, ಬಾಗಿಲಿಲ್ಲದ ಕೋಣೆಯ ಗುಟ್ಟು: ಹೊಗಳಲು ಬೇಕಾದಷ್ಟಿತ್ತು. ಹೊದಿಕೆಯ ಮೇಲೆ ತನ್ನ ಹೆಸರು ಅಣ್ಣನ ಹೆಸರಿನ ಪಕ್ಕದಲ್ಲಿ ಹೇಗೆ ಕಾಣುತ್ತದೆಂದು ಹಾಳೆಯ ಮೂಲೆಯಲ್ಲಿ ಬರೆದೂ ನೋಡಿದಳು. ಚೆನ್ನಾಗಿಯೇ ಕಂಡಿತು. ಕೊನೆಯ ಸಾಲಿಗೆ ಬಂದಳು. "ತಟ್ಟೆ:" ಎಂದು ಬರೆದು ನಿಂತುಬಿಟ್ಟಳು.

ಮಗಳಿಗೆ ಸುಳ್ಳು ಹೇಳಿ ಔಷಧಿ ಕುಡಿಸಿದ್ದಾಳೆ, ಎಂಜಿನಿಯರಿಗೆ ಸುಳ್ಳು ಹೇಳಿ ರಜೆ ತೆಗೆದುಕೊಂಡಿದ್ದಾಳೆ. ಈ ಒಂದು ಸಾಲಿನಲ್ಲಿ ಮಾತ್ರ ಸುಳ್ಳು ಬರೆದವಳಲ್ಲ. ಇಲ್ಲೂ ಸುಳ್ಳು ಬರೆದರೆ ಆಮೇಲೆ ಅವಳು ಕತ್ತರಿಯಕ್ಕ ಅಲ್ಲ, ಅಣ್ಣನ ಪಕ್ಕದಲ್ಲಿ ಕೂತ ಪುಟ್ಟಿ. ಆದರೆ ನಿಜ ಬರೆದರೆ? ಇಷ್ಟು ವರ್ಷ ತನ್ನಿಂದ ಏನನ್ನೋ ದೊಡ್ಡದನ್ನು ಕಸಿದುಕೊಂಡರು ಎಂದು ಉರಿದಿದ್ದಳಲ್ಲ, ಆ ದೊಡ್ಡದು ಅಷ್ಟೇನೂ ದೊಡ್ಡದಾಗಿರಲಿಲ್ಲ ಎಂದು ತಾನೇ ಬರೆದುಕೊಟ್ಟಂತಾಗುತ್ತದೆ. ಅಣ್ಣ ಕದ್ದದ್ದಕ್ಕಿಂತ ಅದೇ ಹೆಚ್ಚು ಉರಿಯಿತು.

ಹಾಳೆ ಹರಿದು ಇನ್ನೊಂದು ತೆಗೆದುಕೊಂಡಳು. ಕಪ್ಪೆರಾಯನ ಜೌಗು, ಮೊದಲ ಸ್ಥಾನ. ತಟ್ಟೆ: ತುಂಬಿದೆ. ಉಪ್ಪಿನ ಕೋಟೆ, ಎರಡನೇ ಸ್ಥಾನ. ಕೋಣೆಗಳು ಸುಂದರ, ಆದರೆ ಅವುಗಳಲ್ಲಿ ವಾಸವಿರುವವರು ಯಾರೂ ಇಲ್ಲ. ತಟ್ಟೆ: ಖಾಲಿ.

ಅಂಗಡಿಯವರು ಓದಿ ಕನ್ನಡಕದ ಮೇಲಿಂದ ನೋಡಿದರು. "ಅಣ್ಣ ಅಂತ ಬೇಕಂತಲೇ ಕೆಳಗೆ ತಳ್ಳಿಲ್ಲ ತಾನೇ?"

"ಇಲ್ಲ," ಎಂದಳು. ಬಸ್ಸಿನಲ್ಲಿ ಬರುವಾಗ ಅದನ್ನೇ ತನಗೆ ತಾನು ಕೇಳಿಕೊಂಡಳು. ಇಲ್ಲ ಎಂಬ ಉತ್ತರ ಆ ಸಲ ಅಷ್ಟು ಬೇಗ ಬರಲಿಲ್ಲ.

ಪತ್ರಿಕೆ ಹೊರಬಿದ್ದ ದಿನವೇ ಅಣ್ಣನ ಫೋನು. ಅವಳು ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಕಿವಿ ಮತ್ತು ಭುಜದ ನಡುವೆ ಫೋನು ಒತ್ತಿ ಹಿಡಿದುಕೊಂಡಳು.

"ತೀರಿಸ್ಕೊಂಡೆ ಅಲ್ವಾ ಸೇಡು? ಹೆಸರು ಹಾಕಿಲ್ಲ ಅಂತ ಹೊಟ್ಟೆಕಿಚ್ಚು ಇಟ್ಕೊಂಡು, ಅವಕಾಶ ಸಿಕ್ಕ ತಕ್ಷಣ..."

"ನೀನೇ ಐದು ಬಿಸ್ಕತ್ತು ತಿಂದೆ ಅಣ್ಣ."

"ಏನು ಬಿಸ್ಕತ್ತು? ಹುಚ್ಚು ಹಿಡಿದಿದೆಯಾ ನಿನಗೆ? ಕಪ್ಪೆ ಪುಸ್ತಕಕ್ಕೆ ಮೊದಲನೇ ಸ್ಥಾನ! ನನಗೇನೂ ನಷ್ಟ ಇಲ್ಲ ತಿಳ್ಕೋ. ನನ್ನದು ಇನ್ನೂ ಬೇಕಾದಷ್ಟು ಪುಸ್ತಕ ಇದೆ. ಹಾಳಾದದ್ದು ನಿನ್ನ ಕೋಟೆ. ನಿನ್ನ ಕೋಟೆನ ನೀನೇ ಕೈಯಾರೆ ಕೆಡವಿದೆ!"

ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಇನ್ನೊಂದು ಸಲ ಹೇಳು."

"ಏನು?"

"ಯಾರ ಕೋಟೆ?"

ಆ ಕಡೆಯಿಂದ ಫೋನು ಕಟ್ಟಾಯಿತು.

ಒಳಗಿನ ಕೋಣೆಯಿಂದ ಗಂಡ ಇಣುಕಿದ. "ಫೋನು ಭಾವಂದಾ? ಏನಂತೆ?"

ಕಾಲರಿನ ಸುಕ್ಕನ್ನು ಅಂಗೈಯಿಂದ ಸವರುತ್ತ ಅವಳು ಹೇಳಿದಳು.

"ಕೋಟೆ ನಂದಂತೆ."