ಕೆರಾಫ್ ಕಾಣೆಯಾದ ದಿನ

ತೊಂಬತ್ತರ ದಶಕದ ಕೊನೆಗೆ ಮೊಳಕಾಲ್ಮೂರು ಕಡೆಯ ಒಂದು ಪ್ರವಾಸಿ ಮಂದಿರದಲ್ಲಿ ನಾನು ಹಂಗಾಮಿ ಗುಮಾಸ್ತನಾಗಿದ್ದೆ. ಅಲ್ಲಿ ಅಡುಗೆಯನ್ನೂ ಉಸ್ತುವಾರಿಯನ್ನೂ ನೋಡಿಕೊಳ್ಳುತ್ತಿದ್ದ ಮೇಟಿಯವರಿಗೆ ಓದಲು ಬಾರದು. ನಮ್ಮ ಮನೆತನದ ಮೊದಲ ಪದವೀಧರನಾದ ನನ್ನನ್ನು ಅವರು ‘ಬಿ.ಎ. ಸಾಮಿ’ ಎಂದೇ ಕರೆಯುತ್ತಿದ್ದರು. ಕಿರಿದಾದ ಕತ್ತಿನ ಗಾಜಿನ ಹೂಜಿಯೊಂದಕ್ಕೆ ನೀರು ತುಂಬಿ, ಅದರ ಬಾಯಿಗೆ ಲೋಟವನ್ನು ಕವುಚಿ ತರುವಾಗ, ಯಾರೂ ಅಡ್ಡ ಬರದಿದ್ದರೂ, "ನಿಧಾನ, ಗಾಜೈತೆ" ಎನ್ನುತ್ತಿದ್ದರು.

ತಪಾಸಣೆಯ ಹಿಂದಿನ ದಿನ ದಾಸ್ತಾನು ಪುಸ್ತಕದಲ್ಲಿ ‘ಕೆರಾಫ್ ಒಂದು’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದುದು ಕಂಡಿತು. ಅರ್ಥ ತಿಳಿಯಲಿಲ್ಲ. ಮೇಟಿಯವರನ್ನು ಕೇಳಲು ನಾಚಿಕೆಯಾಗಿ, ಅದರೆದುರು ‘ಇಲ್ಲ’ ಎಂದು ಬರೆದೆ. ಕಾಣೆಯಾದ ವಸ್ತುವಿಗೆ ಅವರೇ ಹೊಣೆಯೆಂಬುದೂ, ಅವರ ನಿವೃತ್ತಿಗೆ ಎರಡೇ ತಿಂಗಳು ಉಳಿದಿದೆಯೆಂಬುದೂ ನನಗೆ ಗೊತ್ತಿತ್ತು.

ಮರುದಿನ ಅಧಿಕಾರಿಗಳು ಪುಸ್ತಕದ ಮೇಲೆ ಬೆರಳಿಟ್ಟು ಮೇಟಿಯವರತ್ತ ತಿರುಗಿದರು. "ಕೆರಾಫ್ ಎಲ್ಲಿ ಹೋಯ್ತಯ್ಯಾ? ಮನೆಗೆ ಸಾಗಿಸಿದ್ಯಾ?"

ಮೇಟಿಯವರು ಆಗ ಅದೇ ಹೂಜಿಯನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆ ಪದವನ್ನು ಅವರು ಊಟದ ಮೇಜಿನಿಂದ ಕೂಗುತ್ತಿದ್ದ ಹಳೆಯ ಸಾಹೇಬರಿಂದ ಕಲಿತಿದ್ದರು. ನನ್ನ ಮುಖವನ್ನೊಮ್ಮೆ ನೋಡಿದರು. ನಾನು ಪುಸ್ತಕದತ್ತ ಕಣ್ಣು ತಗ್ಗಿಸಿದೆ.

"ಇದೇ ಐತಲ್ಲ ಸಾಮಿ, ಕೆರಾಫು. ಒಡೆದೋಗ್ತೈತೆ ಅಂತ ನಾನೇ ಬೀಗ ಹಾಕಿ ಒಳಗಿಟ್ಟಿದ್ದೆ. ಪಾಪ, ಬಿ.ಎ. ಸಾಮಿಗೆ ತೋರಿಸ್ಲೇ ಇಲ್ಲ."

"ಮುದುಕನಾದ್ರೂ ಬುದ್ಧಿ ಬರ್ಲಿಲ್ಲ ನಿನಗೆ!" ಎಂದು ಅಧಿಕಾರಿಗಳು ಗದರಿದರು. ಮೇಟಿಯವರು ಹೌದೆಂದು ತಲೆಯಾಡಿಸಿದರು. ನಾನು ‘ಇಲ್ಲ’ವನ್ನು ಹೊಡೆದು ‘ಇದೆ’ ಎಂದು ತಿದ್ದಿದೆ.

ಜೀಪು ಹೊರಟ ಮೇಲೆ ಅವರು ಕೆರಾಫನ್ನು ತಂದು ನನ್ನ ಕೈಗಳಲ್ಲಿಟ್ಟರು. ನಾನು ಹಿಡಿದುಕೊಳ್ಳುವಾಗ ಕವುಚಿದ ಲೋಟ ಕಟಕಟ ಸದ್ದು ಮಾಡಿತು.

"ನಿಧಾನ," ಎಂದರು, "ಗಾಜೈತೆ."